ತೂತಿನ ಅಣಬೆ ಯಾವ ಮನೆತನದ್ದು?

ಮಳೆ ಹಿಡಿದ ಮೇಲೆ ಗೋವಾದ ರಸ್ತೆ ಬದಿಯಲ್ಲಿ ಎಲೆಯ ಮೇಲೆ ಅಳಮಿ ಮಾರಾಟ ಶುರು. ಅದು ಹುತ್ತದ ಅಣಬೆ. ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆದರೂ ರುಚಿ ಬಲ್ಲವರು ಬಿಡುವುದಿಲ್ಲ. ಮಡಗಾಂವ್, ವಾಸ್ಕೋದಲ್ಲಿರುವ ನಮ್ಮ ಮಂಗಳೂರು ಕಡೆಯವರಿಗೆ ನೆನಪಾಗುವುದು ಮಾತ್ರ ಕಲ್ಲಣಬೆ, ಅಂದರೆ ತುಳುವಿನ ಕಲ್ಲಲಂಬು. ಉರುಟು ಉಂಡೆ, ಕಾಲೂ ಇಲ್ಲ, ಟೊಪ್ಪಿಯೂ ಇಲ್ಲ.

ಬೊಲೀಟ್ ಅಣಬೆಗೆ ಎರಡೂ ಇವೆ. ಆದರೆ ಟೊಪ್ಪಿಯ ಅಡಿಯಲ್ಲಿ ಅಳಮಿಯ ಹಾಗೆ ಪದರಗಳಿಲ್ಲ, ಬರೀ ತೂತು. ಒತ್ತಿದರೆ ಸ್ಪಂಜಿನಂತೆ ತಗ್ಗುತ್ತದೆ. ಕೇರಳದಲ್ಲೂ ಸಿಗುವ ಫ್ಲೆಬೋಪಸ್ ಪೋರ್ಟೆಂಟೋಸಸ್ ಇವುಗಳಲ್ಲಿ ದೈತ್ಯ. ಟೊಪ್ಪಿ ಒಂದಡಿ ಅಗಲವಾಗುವುದೂ ಉಂಟು. ಮೇಲೆ ಕಂದು, ಮುಟ್ಟಿದರೆ ಮಖಮಲ್ಲು. ತೂತುಗಳು ಹಳದಿ. ಕಾಲು ಬುಡದಲ್ಲಿ ಊದಿಕೊಂಡಿರುತ್ತದೆ. ಕೊಯ್ದರೆ ಹಳದಿ ತಿರುಳು ಕೆಲವೊಮ್ಮೆ ತುಸು ನೀಲಿಯಾಗುತ್ತದೆ. ನೀಲಿ ಅಂದರೆ ವಿಷ ಅಂತ ಸುಮ್ನೆ ಹೇಳುತ್ತಾರೆ. ತಿನ್ನುವ ಬೊಲೀಟ್‌ಗಳೂ ನೀಲಿಯಾಗುತ್ತವೆ, ವಿಷದವೂ ಆಗುತ್ತವೆ. ಬಣ್ಣ ನೋಡಿ ಬಾಯಿಗೆ ಹಾಕಬೇಡಿ.

ತೂತು ಕಂಡರೆ ಬೊಲೀಟಸ್ ಎಂಬ ಗುಂಪಿಗೆ ಹಾಕುವುದು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಹಿಡಿದ ದಾರಿ. ಮರಕ್ಕೆ ಅಂಟಿ ಬೆಳೆಯುವ ಗಟ್ಟಿ ಅಣಬೆಗಳೂ ಅದೇ ಗುಂಪಿಗೆ ಸೇರಿದ್ದವು. 1821ರಲ್ಲಿ ಅಣಬೆ ತಜ್ಞ ಫ್ರೀಸ್ ಅವನ್ನು ಬೇರೆ ಮಾಡಿದರು. ಆದರೂ 1873ರಲ್ಲಿ ಬರ್ಕ್‌ಲಿ ಮತ್ತು ಬ್ರೂಮ್ ಎಂಬ ಅಣಬೆ ತಜ್ಞರು ಸಿಲೋನ್‌ನಿಂದ (ಈಗಿನ ಶ್ರೀಲಂಕಾ) ಬಂದ ನಮ್ಮ ದೈತ್ಯನಿಗೆ ಇಟ್ಟ ಹೆಸರು ಬೊಲೀಟಸ್ ಪೋರ್ಟೆಂಟೋಸಸ್. ಬೋಡೇನ್ ಎಂಬ ಇನ್ನೊಬ್ಬ ತಜ್ಞರು ಅದನ್ನು ಫ್ಲೆಬೋಪಸ್ ಎಂಬ ಬೇರೆ ಗುಂಪಿಗೆ ಸಾಗಿಸಿದ್ದು 1951ರಲ್ಲಿ.

ಡಿಎನ್‌ಎ ಪರೀಕ್ಷೆ ಬಂದ ಮೇಲೆ ಇನ್ನೂ ಮಜಾ. ಇದು ಯುರೋಪಿನ ಹೆಸರುವಾಸಿ ಬೊಲೀಟಸ್‌ಗಿಂತ ನಮ್ಮ ಕಲ್ಲಣಬೆಗೇ ಹತ್ತಿರದ ನೆಂಟ! ತೂತು ಇಲ್ಲದ ಉಂಡೆಗೂ ತೂತಿನ ಕೊಡೆಗೂ ಒಂದೇ ಮನೆತನ ಅಂದರೆ ಕಣ್ಣನ್ನು ಎಷ್ಟು ನಂಬಬಹುದು, ಅಲ್ವಾ?

ಆದರೆ ಈ ದೈತ್ಯನ ಸಂಸಾರದ ಕ್ರಮ ಬೇರೆ. ಬೊಲೀಟ್‌ಗಳಲ್ಲಿ ಹೆಚ್ಚಿನವು ಜೀವಂತ ಮರದ ಬೇರಿನ ಜೊತೆ ಕೊಡು-ಕೊಳ್ಳುವಿಕೆ ಇಲ್ಲದೆ ಬದುಕವು, ಹಾಗಾಗಿ ಅವುಗಳ ಬೇಸಾಯ ಆಗಿಬರುವುದಿಲ್ಲ. ಫ್ಲೆಬೋಪಸ್ ಹಾಗಲ್ಲ. ಚೀನಾದ ಯುನ್ನಾನ್‌ನಲ್ಲಿ ಇದನ್ನು ಬೆಳೆದು ಮಾರುತ್ತಾರೆ. ತೋಟದಲ್ಲಿ ಇದರ ಜೊತೆಗಾರ ಬೇರಿನ ರಸ ಹೀರುವ ಹಿಟ್ಟುತಿಗಣೆ: ಅದರ ಸುತ್ತ ಅಣಬೆ ಗೂಡು ಕಟ್ಟುತ್ತದೆ. ಇದೇ ಕುಟುಂಬದ ಅಮೆರಿಕದ ಬೊಲೀಟಿನೆಲ್ಲಸ್ ಕೂಡ ಆ್ಯಶ್ ಮರದ ಬೇರಿನಲ್ಲಿ ಗಿಡಹೇನಿಗೆ ಹೀಗೆಯೇ ಮನೆ ಕಟ್ಟಿಕೊಡುತ್ತದೆ.