ಬೈಪ್ಯಾಪ್ ಬರೆದುಕೊಟ್ಟರೆ ಆಕ್ಸಿಜನ್ ಸಿಲಿಂಡರ್ ತರಬೇಕೇ?

ಪ್ರಶ್ನೆ: ಡೊಂಬಿವಲಿಯಲ್ಲಿರುವ ನನ್ನ ತಂದೆಗೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ. ಇಷ್ಟು ದಿನ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಯಂತ್ರ ಇತ್ತು, ಈಗ ವೈದ್ಯರು ಅದೇ ಬಗೆಯ ಇನ್ನೊಂದು ಯಂತ್ರವಾದ ಬೈಪ್ಯಾಪ್ ಬರೆದಿದ್ದಾರೆ. ಸ್ಥಿತಿ ಅಷ್ಟು ಕೆಟ್ಟಿದೆಯೇ? ಮನೆಯಲ್ಲಿ ಆಕ್ಸಿಜನ್ ಇಟ್ಟುಕೊಳ್ಳಬೇಕೇ?

ಉತ್ತರ: ಬೇಡ. ಚೀಟಿಯಲ್ಲಿ ವೈದ್ಯರು ಆಕ್ಸಿಜನ್ ಎಂದು ಪ್ರತ್ಯೇಕವಾಗಿ ಬರೆದಿರದಿದ್ದರೆ ಬೇಡವೇ ಬೇಡ. ಮುಂಬಯಿಯ ಮಾಟುಂಗದಿಂದ ಮುಲುಂಡ್‌ವರೆಗೆ, ಯಂತ್ರ ಜೋಡಿಸಿಕೊಡಲು ಹೋದ ನಮ್ಮವರ ಮನೆಗಳಲ್ಲೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ. ಆದರೂ ಮುಂದಿನ ಮನೆಯಲ್ಲಿ ಮಂಚದ ಪಕ್ಕ ಬಾಡಿಗೆ ಸಿಲಿಂಡರ್ ನಿಂತಿರುತ್ತದೆ.

ಈ ನಂಬಿಕೆ ಎಲ್ಲಿಂದ ಬಂತೆಂಬುದು ಗೊತ್ತಿರುವುದೇ. ಕೋವಿಡ್ ಹರಡಿದ್ದ 2020, 2021ರಲ್ಲಿ ‘ಬೈಪ್ಯಾಪ್ ಹಾಕಿದ್ದಾರೆ’ ಎಂದು ಆಸ್ಪತ್ರೆಯಿಂದ ಫೋನ್ ಬಂದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತಿತ್ತು. ಅಲ್ಲಿ ಯಂತ್ರಕ್ಕೆ ಆಕ್ಸಿಜನ್ ಸೇರಿಸುತ್ತಿದ್ದರು, ಏಕೆಂದರೆ ಸೋಂಕು ಶ್ವಾಸಕೋಶವನ್ನೇ ಹಿಡಿದಿತ್ತು. ನಿಮ್ಮ ತಂದೆಗೆ ಅಡಚಣೆ ಇರುವುದು ಗಂಟಲಿನಲ್ಲಿ. ನಿದ್ದೆ ಬಂದೊಡನೆ ಅಲ್ಲಿನ ಸ್ನಾಯುಗಳು ಸಡಿಲಗೊಂಡು ದಾರಿ ಕುಸಿಯುತ್ತದೆ. ಉಸಿರು 10 ಸೆಕೆಂಡಾದರೂ ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ಮುಚ್ಚಿಕೊಂಡ ದಾರಿಯ ಹೊರಗೆ, ಮೂಗಿನ ತುದಿಯಲ್ಲಿ, ಎಷ್ಟು ಆಕ್ಸಿಜನ್ ಸುರಿದರೇನು? ಒಳಗೆ ಹೋಗಬೇಕಲ್ಲ!

ಯಂತ್ರವನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲೋ ಪಕ್ಕದಲ್ಲೋ ಒಂದು ಸಣ್ಣ ಮುಚ್ಚಳ, ಅದರೊಳಗೊಂದು ತೆಳುವಾದ ಫಿಲ್ಟರ್. ಕೋಣೆಯ ಗಾಳಿ ಒಳಬರುವುದು ಅಲ್ಲಿಂದಲೇ. ಸುತ್ತ ಕಟ್ಟಡ ಕಾಮಗಾರಿ ನಡೆಯುವ ಕಡೆ ಆ ಬಿಳಿ ಫಿಲ್ಟರ್ ಬೇಗನೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಳಗಿರುವುದು ಮೋಟಾರು, ಅದು ತಿರುಗಿಸುವ ಪುಟ್ಟ ರೆಕ್ಕೆಚಕ್ರ ಮತ್ತು ಒತ್ತಡವನ್ನು ಅಳೆಯುವ ಸೆನ್ಸರ್‌ಗಳು. ಹೊರಬರುವ ಗಾಳಿಯಲ್ಲೂ ಆಕ್ಸಿಜನ್ ಶೇ. 21ರಷ್ಟೇ. 1981ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಸಿಪ್ಯಾಪ್ ಚಿಕಿತ್ಸೆಯನ್ನು ಪ್ರಕಟಿಸಿದಾಗಲೂ ಮೂಗಿಗೆ ಊದಿದ್ದು ಬರೀ ಗಾಳಿಯನ್ನೇ. ಗಂಟಲನ್ನು ತೆರೆದಿಡುವುದು ಒತ್ತಡ.

‘ಇದ್ದರೆ ನಷ್ಟವೇನು’ ಎನ್ನುವವರಿಗೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ: ನಷ್ಟವಿದೆ. ತೂಕ ತುಂಬಾ ಹೆಚ್ಚಿರುವ ಕೆಲವರಲ್ಲಿ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ, ರಾತ್ರಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತಿರುತ್ತದೆ. ಅಂಥವರಿಗೆ ಮನೆಯವರೇ ಆಕ್ಸಿಜನ್ ಹಚ್ಚಿದರೆ ಅದು ಇನ್ನಷ್ಟು ಏರಬಹುದು. ಬೆರಳಿನ ಆಕ್ಸಿಮೀಟರ್ ಮಾತ್ರ 96 ತೋರಿಸುತ್ತದೆ, ಎಲ್ಲರೂ ನಿಶ್ಚಿಂತರಾಗುತ್ತಾರೆ. ಆ ಉಪಕರಣಕ್ಕೆ ಕಾರ್ಬನ್ ಡೈಆಕ್ಸೈಡ್ ಕಾಣಿಸುವುದೇ ಇಲ್ಲ. ರೋಗಿ ತಲೆನೋವಿನೊಂದಿಗೆ, ಮಂಪರಿನಲ್ಲಿ ಏಳುತ್ತಾನೆ. ಕೆಲವರಿಗೆ ವೈದ್ಯರೇ ಬೈಪ್ಯಾಪ್‌ಗೆ ಆಕ್ಸಿಜನ್ ಸೇರಿಸಲು ಹೇಳುತ್ತಾರೆ, ನಿಜ. ಆದರೆ ಅದು ರಕ್ತಪರೀಕ್ಷೆ ನೋಡಿ, ನಿಮಿಷಕ್ಕೆ ಎಷ್ಟು ಲೀಟರ್ ಎಂದು ಅಳೆದು ಬರೆಯುವ ಔಷಧ.

ಹಾಗಾದರೆ ಯಂತ್ರ ಬದಲಿಸಿದ್ದೇಕೆ? ಸಿಪ್ಯಾಪ್ ರಾತ್ರಿಯಿಡೀ ಒಂದೇ ಒತ್ತಡದಲ್ಲಿ ಊದುತ್ತದೆ. ಬೈಪ್ಯಾಪ್‌ನಲ್ಲಿ ಎರಡು ಮಟ್ಟ: ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ. ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ಸ್ಟ್ರಾ ಒಂದನ್ನು 16 ಸೆಂಟಿಮೀಟರ್ ಆಳಕ್ಕೆ ನೀರಿನಲ್ಲಿ ಅದ್ದಿ ಗುಳ್ಳೆ ಎಬ್ಬಿಸಿದರೆ, 16ರ ಒತ್ತಡಕ್ಕೆ ಎದುರಾಗಿ ಉಸಿರು ಬಿಡುವುದು ಎಷ್ಟು ತ್ರಾಸವೆಂದು ತಿಳಿಯುತ್ತದೆ. ಯಂತ್ರವನ್ನು 16 ಮತ್ತು 10ಕ್ಕೆ ಹೊಂದಿಸಿದರೆ, ಬಿಡುವಾಗ ಎದುರಾಗುವುದು 10 ಮಾತ್ರ. ಗಂಟಲನ್ನು ತೆರೆದಿಡುವ ಮುಖ್ಯ ಕೆಲಸ ಆ ಕೆಳಗಿನ ಅಂಕಿಯದು. ಎರಡರ ನಡುವಿನ ವ್ಯತ್ಯಾಸ ಪ್ರತಿ ಉಸಿರನ್ನೂ ಆಳವಾಗಿಸಿ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕಲು ನೆರವಾಗುತ್ತದೆ. ಹೆಚ್ಚಿನ ಒತ್ತಡ ಸಹಿಸಲಾಗದಿದ್ದರೆ ಅಥವಾ ಉಸಿರಾಟವೇ ಸಾಲದೆ ಬಂದರೆ ಬೈಪ್ಯಾಪ್ ಬರೆಯುತ್ತಾರೆ. ಅದು ಕೊನೆಯ ಹಂತದ ಗುರುತಲ್ಲ. ನಿಮ್ಮ ತಂದೆಯ ವಿಷಯದಲ್ಲಿ ಕಾರಣ ಯಾವುದೆಂದು ವೈದ್ಯರನ್ನೇ ಕೇಳಿ. ಒತ್ತಡದ ಅಂಕಿಗಳನ್ನು ಮಾತ್ರ ನೀವಾಗಿ ಮುಟ್ಟಬೇಡಿ.

ನೀವು ಕೇಳದಿದ್ದರೂ ಮಾಸ್ಕಿನ ರಂಧ್ರಗಳ ಬಗ್ಗೆ ಹೇಳಲೇಬೇಕು. ಮಾಸ್ಕಿನ ಮುಂಭಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳಿರುತ್ತವೆ, ಅವುಗಳಿಂದ ಗಾಳಿ ಸುಯ್ಯೆನ್ನುತ್ತಿರುತ್ತದೆ. ‘ಗಾಳಿ ಪೋಲಾಗುತ್ತಿದೆ’ ಎಂದು ಟೇಪು ಅಂಟಿಸಿದ್ದನ್ನು ಕಣ್ಣಾರೆ ಕಂಡು ಕೈಯಾರೆ ಕಿತ್ತಿದ್ದೇನೆ. ಬಿಟ್ಟ ಉಸಿರು ಹೊರಹೋಗಲು ಇರುವ ದಾರಿ ಅದೊಂದೇ.

ಇನ್ನು ಯಂತ್ರದ ಗಾಳಿಗೆ ತೇವ ಸೇರಿಸುವ ನೀರಿನ ತೊಟ್ಟಿ. ಮುಂಬಯಿಯ ಮಳೆಗಾಲದಲ್ಲಿ ಎಸಿ ಹಾಕದೆ ಮಲಗುವವರಿಗೆ ಅದು ಎಷ್ಟೋ ಸಲ ಬೇಕಾಗುವುದಿಲ್ಲ. ಪುಣೆಯ ಒಣ ಚಳಿಯಲ್ಲಿ ಮೂಗು ಉರಿದರೆ ಬೇಕಾಗುತ್ತದೆ. ಎಸಿ ಕೋಣೆಯಲ್ಲಿ ಕೊಳವೆ ತಣ್ಣಗಾಗಿ ಒಳಗೆ ನೀರು ಹನಿಗಟ್ಟಿ ಗೊಳಗೊಳ ಸದ್ದಾದರೆ ತೇವಾಂಶದ ಮಟ್ಟವನ್ನು ಇಳಿಸಿ, ಕೊಳವೆಗೆ ಬಟ್ಟೆ ಸುತ್ತಿ, ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗಿಡಿ. ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಿ. ನಲ್ಲಿ ನೀರು ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಬೆಳಿಗ್ಗೆ ಉಳಿದ ನೀರನ್ನು ಚೆಲ್ಲಿ ತೊಟ್ಟಿಯನ್ನು ತೊಳೆದು ಒಣಗಲು ಬಿಡಿ, ರಾತ್ರಿ ಹೊಸ ನೀರು ತುಂಬಿಸಿ.