ಕಕ್ಕಡದ ಮಳೆಯೂ ಕಡಲಿನ ಪ್ರಾಣಿಪ್ಲವಕಗಳೂ

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳಾದ ಕಕ್ಕಡ ಮುಗಿದು ಮಡಿಕೇರಿಯ ಅಂಗಡಿಗಳಿಗೆ ತಾಜಾ ಮತ್ತಿ, ಬಂಗುಡೆ ಮೀನುಗಳು ಮತ್ತೆ ಬರತೊಡಗಿದಾಗ, ನಾನು ನೀರಿನಲ್ಲಿ ತೇಲುತ್ತ ಮೀನುಗಳಿಗೆ ಆಹಾರವಾಗುವ ಕಡಲಿನ ಕಿರುಜೀವಿಗಳಾದ ಪ್ಲವಕಗಳನ್ನು ಎಣಿಸುವ ಕೆಲಸ ಮಾಡಿದವನೆಂದು ಬಲ್ಲ ನೆರೆಹೊರೆಯವರು, ನಮ್ಮ ಬೆಟ್ಟಗಳ ಫಲವತ್ತನ್ನು ಮಳೆ ಕೊಚ್ಚಿಕೊಂಡು ಹೋಗಿ ಕಡಲಿಗೆ ಸುರಿಯುವುದರಿಂದಲೇ ಮೀನು ಕೊಬ್ಬುತ್ತದೆಯಲ್ಲವೇ ಎಂದು ಕೇಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದ್ದರೂ ಮುಖ್ಯ ಕಾರಣ ಅದಲ್ಲ.

ಕೊಡಗಿನ ಮಳೆನೀರಿನ ಬಹುಪಾಲನ್ನು ಕಾವೇರಿ ಬಂಗಾಳ ಕೊಲ್ಲಿಯ ಕಡೆಗೆ ಒಯ್ಯುತ್ತಾಳೆ. ಅರಬ್ಬೀ ಸಮುದ್ರದ ಕಡೆಗೆ ಹೋಗುವುದು ಸುಳ್ಯದ ಮೂಲಕ ಹರಿದು ಕಾಸರಗೋಡಿನಲ್ಲಿ ಚಂದ್ರಗಿರಿಯೆನಿಸುವ ಪಯಸ್ವಿನಿ, ವಳಪಟ್ಟಣಂ ಹೊಳೆಯನ್ನು ಸೇರುವ ಬರಪೊಳೆ ಮುಂತಾದವು. ಇಂಥ ಹೊಳೆಗಳು ಕಡಲು ಸೇರುವ ಅಳಿವೆಗಳಲ್ಲಿ ಮಳೆಗಾಲವು ಪ್ರಾಣಿಪ್ಲವಕಗಳಿಗೆ ಸುಗ್ಗಿಯಲ್ಲ, ಬರಗಾಲ. ಮೇಲ್ಪದರದ ಉಪ್ಪಿನಂಶ ಬಹುತೇಕ ಇಲ್ಲವಾಗಿ, ಬೇಸಿಗೆಯಲ್ಲಿ ಅಲ್ಲಿ ಕಿಕ್ಕಿರಿದಿದ್ದ, ಸಿಗಡಿಯ ಬಳಗದ ಕಿರುಜೀವಿಗಳಾದ ಕಡಲ ಕೋಪೆಪಾಡ್‌ಗಳು ಪ್ರವಾಹದೊಂದಿಗೆ ಕೊಚ್ಚಿಹೋಗುತ್ತವೆ. ಉಳಿಯುವುದು ಸಿಹಿನೀರನ್ನು ಸಹಿಸಬಲ್ಲ ಕೆಲವೇ ಜಾತಿಗಳು.

ಅಳಿವೆಯನ್ನು ದಾಟಿ ತೆರೆದ ಕಡಲಿಗೆ ಹೋದರೆ ಚಿತ್ರ ತಿರುಗುಮುರುಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಗೆ ತೀರದುದ್ದಕ್ಕೂ ದಕ್ಷಿಣಕ್ಕೆ ತಳ್ಳುವ ಒಂದು ಅಂಶವಿರುತ್ತದೆ. ಭೂಮಿ ತನ್ನ ಸುತ್ತ ತಿರುಗುತ್ತಿರುವ ಕಾರಣ, ಹಾಗೆ ತಳ್ಳಿಸಿಕೊಂಡ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ತೀರದಿಂದ ದೂರಕ್ಕೆ ಸರಿಯುತ್ತದೆ. ಆ ತೆರವನ್ನು ತುಂಬಲು ಆಳದಿಂದ ತಣ್ಣನೆಯ, ನೈಟ್ರೇಟ್ ಮತ್ತು ಫಾಸ್ಫೇಟ್ ಸಮೃದ್ಧವಾದ ನೀರು ಮೇಲೇರುತ್ತದೆ. ಕೇರಳದ ದಕ್ಷಿಣ ತುದಿಯಲ್ಲಿ ಮೊದಲಾಗಿ ಉತ್ತರಕ್ಕೆ ಹಬ್ಬುವ ಈ ಮೇಲ್ಮುಖ ಹರಿವೇ ನಮ್ಮ ಕರಾವಳಿಯ ನಿಜವಾದ ಗೊಬ್ಬರ. ಅದನ್ನುಂಡು ಸಸ್ಯಪ್ಲವಕಗಳಾದ ಡಯಾಟಮ್‌ಗಳು ಬೆಳೆಯುತ್ತವೆ. ಅವುಗಳ ಹಿಂದೆಯೇ, ಬೆಚ್ಚನೆಯ ನೀರಿನಲ್ಲಿ ಎರಡು ಮೂರು ವಾರಗಳೊಳಗೆ ಮೊಟ್ಟೆಯಿಂದ ಪ್ರಾಯಕ್ಕೆ ಬರಬಲ್ಲ ಕೋಪೆಪಾಡ್‌ಗಳು ಹೆಚ್ಚುತ್ತವೆ.

ಸಂಖ್ಯೆ ಏರಿದರೂ ವೈವಿಧ್ಯ ಏರುವುದಿಲ್ಲವೆಂಬುದನ್ನು ಸೂಕ್ಷ್ಮದರ್ಶಕದಡಿ ಕೂತವರು ಬೇಗ ಗಮನಿಸುತ್ತಾರೆ. ಏಪ್ರಿಲ್‌ನ ಮಾದರಿಯಲ್ಲಿ ಹತ್ತಾರು ಜಾತಿಗಳನ್ನು ಗುರುತಿಸಲು ಹೆಣಗಬೇಕು. ಆಗಸ್ಟ್‌ನ ಮಾದರಿಯಲ್ಲಿ ಹಲವೊಮ್ಮೆ ಟೆಮೊರಾ ಟರ್ಬಿನಾಟಾ ಎಂಬ ಒಂದೇ ಕೋಪೆಪಾಡ್, ಅದರ ಜೊತೆಗೆ ಪೆನಿಲಿಯಾ, ಇವಾಡ್ನೆ ಎಂಬ, ಕ್ಲಾಡೊಸೆರಾ ಗುಂಪಿನ ಕಿರುಜೀವಿಗಳು ಎಣಿಕೆಯ ತಟ್ಟೆಯನ್ನೆಲ್ಲ ಆಕ್ರಮಿಸಿರುತ್ತವೆ. ಈ ಕ್ಲಾಡೊಸೆರಾಗಳ ಹೆಣ್ಣುಗಳು ಗಂಡಿನ ನೆರವಿಲ್ಲದೆ ಸಂತತಿಯನ್ನು ಹೆರುತ್ತವೆ, ಆದ್ದರಿಂದಲೇ ದಿನಗಳೊಳಗೆ ದಂಡು ಕಟ್ಟುತ್ತವೆ. ಕಾಲ ಪ್ರತಿಕೂಲವಾದಾಗ ಗಟ್ಟಿ ಕವಚದ ಮೊಟ್ಟೆಗಳನ್ನು ತಳದ ಕೆಸರಿಗೆ ಬಿಟ್ಟು ಕಣ್ಮರೆಯಾಗುತ್ತವೆ. ಬೀಜದ ಭತ್ತವನ್ನು ಪತ್ತಾಯದಲ್ಲಿಡುವ ನಮ್ಮವರಿಗೆ ಈ ಜಾಣ್ಮೆಯನ್ನು ಬಿಡಿಸಿ ಹೇಳಬೇಕಿಲ್ಲ. ಆಳದಿಂದ ಬರುವ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ, ಹಗಲು ಆಳಕ್ಕಿಳಿದು ರಾತ್ರಿ ಮೇಲೇರುವ ಜಾತಿಗಳು ಈ ಕಾಲದಲ್ಲಿ ತೆಳುವಾದ ಮೇಲ್ಪದರದಲ್ಲೇ ಒತ್ತೊತ್ತಾಗಿ ಉಳಿಯಬೇಕಾಗುವುದೂ ಉಂಟು.

ಅಂಕಿಗಳನ್ನು ಓದುವಾಗ ಬಲೆಯ ಕಣ್ಣನ್ನು ಮರೆಯಬಾರದು. 1960ರ ದಶಕದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನಾ ಯಾತ್ರೆಯಲ್ಲಿ ಬಳಸಿದ ಬಲೆಯ ಕಣ್ಣಿನ ಅಳತೆ ಸುಮಾರು 0.33 ಮಿಲಿಮೀಟರ್, ಅದಕ್ಕಿಂತ ಚಿಕ್ಕ ಕೋಪೆಪಾಡ್‌ಗಳೂ ಮರಿಗಳೂ ಅದರಿಂದ ನುಸುಳಿಹೋಗುತ್ತವೆ. ಜೂನ್, ಜುಲೈಗಳಲ್ಲಿ ಅಲೆಯ ಅಬ್ಬರಕ್ಕೆ ಹೆದರಿ ಸಣ್ಣ ದೋಣಿಗಳು ಹೊರಡದ ಕಾರಣ, ನನ್ನ ದಾಖಲೆ ಪುಸ್ತಕಗಳಲ್ಲಂತೂ ಅತಿ ಮುಖ್ಯವಾದ ಆ ಪುಟಗಳೇ ಖಾಲಿ. ಅಳಿವೆಯ ಮಾದರಿಯನ್ನಷ್ಟೇ ಕಂಡು ಮಳೆಗಾಲವನ್ನು ಬಡಕಾಲವೆಂದು ಬರೆದ ವಿದ್ಯಾರ್ಥಿಗಳನ್ನು ನಾನು ಗದರಿಸಲಾರೆ.

ತೀರದಿಂದ ಬಹು ದೂರದಲ್ಲಿ ಈ ಏರಿಳಿತ ಇಷ್ಟು ಸ್ಪಷ್ಟವಿಲ್ಲ. ಸಸ್ಯಪ್ಲವಕಗಳು ಕ್ಷೀಣಿಸುವ ತಿಂಗಳುಗಳಲ್ಲಿಯೂ ಅರಬ್ಬೀ ಸಮುದ್ರದ ಮೇಲ್ಪದರದಲ್ಲಿ ಪ್ರಾಣಿಪ್ಲವಕಗಳ ಒಟ್ಟು ತೂಕ ಹೆಚ್ಚು ಕುಗ್ಗುವುದಿಲ್ಲವೆಂದು ಕಡಲ ವಿಜ್ಞಾನಿ ಎಂ. ಮಧುಪ್ರತಾಪ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಬ್ಯಾಕ್ಟೀರಿಯಾಗಳನ್ನು ತಿನ್ನುವ ಏಕಕೋಶ ಜೀವಿಗಳು ಆಗ ಅವುಗಳಿಗೆ ಆಹಾರವಾಗುತ್ತವೆಂಬುದು ಅವರ ವಿವರಣೆ.

ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ಹೊತ್ತಿಗೆ ಮೇಲ್ಮುಖ ಹರಿವು ಇಳಿದಿರುತ್ತದೆ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಬರುವ ನಮ್ಮ ಸುಗ್ಗಿ ಹಬ್ಬ ಪುತ್ತರಿಯ ವೇಳೆಗೆ ತೀರದ ಪ್ರವಾಹವೇ ಉತ್ತರಕ್ಕೆ ತಿರುಗಿ, ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕಾವನ್ನು ಬಳಸಿ ನಮ್ಮ ಪಶ್ಚಿಮ ಕರಾವಳಿಯತ್ತ ಬರುತ್ತದೆ. ಅದರಲ್ಲಿ ಗಂಗಾ, ಬ್ರಹ್ಮಪುತ್ರದಂಥ ನದಿಗಳದ್ದೇ ದೊಡ್ಡ ಪಾಲು, ಕಾವೇರಿಯದು ಅತ್ಯಲ್ಪ. ಆ ಹೊತ್ತಿಗೆ ತಟ್ಟೆಯಲ್ಲಿ ಟೆಮೊರಾ ವಿರಳವಾಗಿ, ಮತ್ತೆ ಹತ್ತಾರು ಜಾತಿಗಳನ್ನು ಗುರುತಿಸುವ ಕೆಲಸ ಆರಂಭವಾಗುತ್ತದೆ.