ಚುಚ್ಚುವ ಮೊದಲು ಗಡ್ಡೆಯ ತವರು ಕೇಳಬೇಕು

ಆರು ವರ್ಷದ ಹುಡುಗ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದಪ್ಪ. "ಹೊಟ್ಟೇಲಿ ನೀರು ತುಂಬಿದೆಯಂತೆ. ಸೂಜಿ ಹಾಕಿ ತೆಗೆದುಬಿಡಿ ಡಾಕ್ಟ್ರೇ, ಮಗು ಉಣ್ಣೋದೇ ಬಿಟ್ಟಿದೆ" ಅಂತ ಅಜ್ಜಿ ಕೇಳಿಕೊಂಡರು. ಅವರು ತಂದಿದ್ದ ಚೀಟಿಯಲ್ಲೂ ಹಾಗೇ ಬರೆದಿತ್ತು.

ಹುಡುಗನನ್ನು ಅಂಗಾತ ಮಲಗಿಸಿ, ಬೆರಳಿನಿಂದ ತಟ್ಟಿ ನೋಡಿದೆ. ಹೊಟ್ಟೆಯಲ್ಲಿ ಬರೀ ನೀರು ತುಂಬಿದ್ದರೆ ಅದು ಪಕ್ಕೆಗಳಿಗೆ ಇಳಿಯುತ್ತದೆ. ಗಾಳಿ ಇರುವ ಕರುಳು ಮೇಲೆ ತೇಲುತ್ತದೆ. ಆಗ ಹೊಕ್ಕುಳ ಸುತ್ತ ತಮಟೆಯಂಥ ಸದ್ದು, ಪಕ್ಕೆಯಲ್ಲಿ ಮಂಕು ಸದ್ದು. ಇವನಲ್ಲಿ ತಿರುಗುಮುರುಗು. ನಡುವೆ ಮಂಕು, ಪಕ್ಕೆಯಲ್ಲಿ ತಮಟೆ. ಹೊರಳಿಸಿ ಮಲಗಿಸಿದರೂ ಸದ್ದು ಜಾಗ ಬದಲಿಸಲಿಲ್ಲ. ಅಂದರೆ ನೀರು ಹರಡಿಲ್ಲ, ಯಾವುದೋ ಚೀಲದೊಳಗೆ ಕಟ್ಟಿಕೊಂಡಿದೆ. ಸಿ.ಟಿ. ಸ್ಕ್ಯಾನ್ ಅದನ್ನೇ ಹೇಳಿತು. ತೆಳ್ಳನೆ ಗೋಡೆ, ಒಳಗೆ ಹತ್ತಾರು ಕೋಣೆ, ಹಿಂದಕ್ಕೆ ಒತ್ತಿಹೋದ ಕರುಳು.

ಕರುಳು ಹೊಟ್ಟೆಯಲ್ಲಿ ಹೇಗೆ ಬೇಕೋ ಹಾಗೆ ಬಿದ್ದಿರುವುದಿಲ್ಲ. ಬೀಸಣಿಗೆಯಂಥ ಪೊರೆಯೊಂದು ಅದನ್ನು ಬೆನ್ನಿಗೆ ಕಟ್ಟಿ ಹಿಡಿದಿರುತ್ತದೆ. ನಾವು ಮೆಸೆಂಟರಿ ಅನ್ನುತ್ತೇವೆ. ದೊಡ್ಡವರಲ್ಲಿ ಅದರ ಬುಡ ಸುಮಾರು 15 ಸೆಂ.ಮೀ. ಉದ್ದ, ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ. ಈ ಪೊರೆಯಲ್ಲಿ ಹುಟ್ಟಿದ ಗಡ್ಡೆ ಪುಸ್ತಕದ ಹಾಳೆಯ ಹಾಗೆ. ಹೊಲಿಗೆಯ ಆಚೆ ಈಚೆ ತಿರುಗುತ್ತದೆ, ಹೊಲಿಗೆಯುದ್ದಕ್ಕೆ ಜಾರುವುದಿಲ್ಲ. ಗಡ್ಡೆ ಹೊಟ್ಟೆಯನ್ನೆಲ್ಲ ತುಂಬಿಕೊಳ್ಳುವ ಮೊದಲಾದರೆ ಈ ಗುರುತು ಕೈಗೇ ಸಿಗುತ್ತದೆ. 1880ರಲ್ಲಿ ಇಂಥ ಗಡ್ಡೆಯನ್ನು ಮೊದಲು ಯಶಸ್ವಿಯಾಗಿ ತೆಗೆದ ಫ್ರಾನ್ಸಿನ ಸರ್ಜನ್ ಟಿಯೋ ಅವರ ಹೆಸರಲ್ಲೇ ಇವತ್ತಿಗೂ ಆ ಗುರುತನ್ನು ಪಾಠ ಮಾಡುತ್ತೇವೆ.

ಇದು ಅಪರೂಪದ ಕಾಯಿಲೆ. ದೊಡ್ಡವರಲ್ಲಿ ಆಸ್ಪತ್ರೆ ಸೇರುವ ಸುಮಾರು 1 ಲಕ್ಷ ಮಂದಿಗೆ ಒಬ್ಬರು, ಮಕ್ಕಳಲ್ಲಿ ಸುಮಾರು 20,000ಕ್ಕೆ ಒಂದು ಅಂತ ಲೆಕ್ಕ. ಅದಕ್ಕೇ ಯಾರಿಗೂ ಮೊದಲ ಏಟಿಗೆ ಹೊಳೆಯುವುದಿಲ್ಲ.

ಎಲ್ಲಿಂದ ಬಂತು ಇದು? ಮಗು ತಾಯಿಯ ಹೊಟ್ಟೆಯಲ್ಲಿ ರೂಪ ತಾಳುವಾಗ ದುಗ್ಧರಸದ ಸಣ್ಣ ಸಣ್ಣ ನಾಳಗಳು ಒಂದಕ್ಕೊಂದು ಕೂಡಿಕೊಳ್ಳಬೇಕು. ಕೆಲವು ಕೂಡುವುದೇ ಇಲ್ಲ. ಒಳಗೆ ರಸ ಊರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಅದು ಚೀಲವಾಗಿ ಹಿಗ್ಗುತ್ತದೆ. ಇದೇ ಲಿಂಫಾಂಜಿಯೋಮ. ನೋಡಲು ಹೀಗೇ ಇರುವ ಇನ್ನೊಂದು ಗಡ್ಡೆ ಕರುಳಿನ ಜೋಡಿ ತುಂಡು, ಅಂದರೆ ಕರುಳಿಗೆ ಅಂಟಿಕೊಂಡೇ ಹೆಚ್ಚುವರಿಯಾಗಿ ಹುಟ್ಟಿದ ಕರುಳಿನ ಚೀಲ. ಅದರ ಒಳಪದರ ಕರುಳಿನದೇ, ರಕ್ತನಾಳವೂ ಕರುಳಿನ ಜೊತೆ ಹಂಚಿಕೊಂಡದ್ದು. ಅದನ್ನು ಬಿಡಿಸಲು ಹೋದರೆ ಪಕ್ಕದ ಕರುಳಿಗೆ ರಕ್ತ ನಿಂತುಹೋಗುತ್ತದೆ. ಹಾಗಾಗಿ ಆ ತುಂಡು ಕರುಳನ್ನೂ ತೆಗೆಯಬೇಕಾಗುತ್ತದೆ. ತವರು ಯಾವುದು ಅನ್ನುವುದು ಬರೀ ಪುಸ್ತಕದ ಮಾತಲ್ಲ, ಅಲ್ವಾ?

ಮಧ್ಯವಯಸ್ಸಿನ ಹೆಂಗಸರಲ್ಲಿ ಲೆಕ್ಕಾಚಾರವೇ ಬೇರೆ. ಮೇದೋಜೀರಕ ಗ್ರಂಥಿಯ ಬಾಲದ ಕಡೆ ಲೋಳೆ ತುಂಬಿದ ಒಂದು ಗಡ್ಡೆ ಬರುತ್ತದೆ. ಅದರ ಗೋಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಡಾಶಯದಂಥ ಅಂಗಾಂಶ ಕಾಣುತ್ತದೆ! ಭ್ರೂಣದಲ್ಲಿ ಅಂಡಾಶಯವಾಗಬೇಕಾದ ಜೀವಕೋಶಗಳು ಈ ಗ್ರಂಥಿಯ ಹತ್ತಿರವೇ ಇದ್ದು, ಕೆಲವು ಅಲ್ಲೇ ಉಳಿದಿರಬೇಕು ಅನ್ನುವುದು ಒಂದು ವಿವರಣೆ. ಇದು ಮುಂದೆ ಕ್ಯಾನ್ಸರ್ ಆಗಬಹುದು. ಮೇದೋಜೀರಕ ಗ್ರಂಥಿಯ ಊತದ ನಂತರ ಬರುವ ನೀರಿನ ಚೀಲ ಹಾಗಲ್ಲ, ಎಷ್ಟೋ ಸಲ ತಾನಾಗೇ ಇಳಿಯುತ್ತದೆ. ಎರಡನ್ನೂ ಬೇರೆ ಮಾಡಲು ಎಂಡೋಸ್ಕೋಪಿ ಮೂಲಕ ಸ್ವಲ್ಪ ದ್ರವ ತೆಗೆಯುತ್ತೇವೆ. ಅದರಲ್ಲಿ ಅಮೈಲೇಸ್, ಅಂದರೆ ಈ ಗ್ರಂಥಿ ಮಾಡುವ ಜೀರ್ಣಕಿಣ್ವ, ತುಂಬ ಕಡಿಮೆ ಇದ್ದರೆ ಅದು ಊತದಿಂದ ಬಂದದ್ದಲ್ಲ. ಸಿ.ಇ.ಎ. ಅನ್ನುವ ಪ್ರೋಟೀನು ಮಿಲಿಲೀಟರಿಗೆ 192 ನ್ಯಾನೋಗ್ರಾಂಗಿಂತ ಜಾಸ್ತಿ ಇದ್ದರೆ ಲೋಳೆಗಡ್ಡೆಯ ಕಡೆಗೇ ವಾಲುತ್ತೇವೆ. ಒಂದು ಹನಿಯನ್ನು ಗ್ಲೌಸ್ ಹಾಕಿದ ಎರಡು ಬೆರಳ ನಡುವೆ ಹಿಡಿದು ಎಳೆದು ನೋಡುವುದೂ ಉಂಟು. ಲೋಳೆಯಾದರೆ ನೂಲಿನ ಹಾಗೆ ಬರುತ್ತದೆ, ಬೇಗ ಕಡಿಯುವುದಿಲ್ಲ.

ಅಲ್ಲಿ ಸೂಜಿ ದಾರಿ ತೋರಿಸುತ್ತದೆ. ಎಲ್ಲ ಕಡೆಯೂ ಅಲ್ಲ. ಕುರಿ ಸಾಕುವ ಊರಿನವರು ಬಂದರೆ ನಾನು ತಪ್ಪದೆ ನಾಯಿಗಳ ಬಗ್ಗೆ ಕೇಳುತ್ತೇನೆ. ನಾಯಿಯ ಹೊಟ್ಟೆಯ ಲಾಡಿಹುಳದ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಹೈಡ್ಯಾಟಿಡ್ ಗಡ್ಡೆ ಬೆಳೆಯುತ್ತದೆ. ಅದು ನಿಜವಾದ ಟ್ಯೂಮರ್ ಅಲ್ಲ, ಆದರೆ ಸ್ಕ್ಯಾನ್‌ನಲ್ಲಿ ಹಾಗೇ ಮೋಸ ಮಾಡುತ್ತದೆ. ತಯಾರಿ ಇಲ್ಲದೆ ಚುಚ್ಚಿ ದ್ರವ ಸೋರಿದರೆ ಹೊಟ್ಟೆಯೆಲ್ಲ ಹೊಸ ಗಡ್ಡೆಗಳು ಬರಬಹುದು. ಜೀವಕ್ಕೇ ಅಪಾಯ ತರುವ ಅಲರ್ಜಿಯೂ ಆಗಬಹುದು.

ಅಜ್ಜಿಗೆ ಇದನ್ನೆಲ್ಲ ಸ್ಕ್ಯಾನ್ ಚಿತ್ರ ತೋರಿಸಿ ಹೇಳಿದೆ. "ನೀರು ತೆಗೆದರೆ ಮತ್ತೆ ತುಂಬುತ್ತೆ ಅಜ್ಜಿ, ಚೀಲಾನೇ ತೆಗೀಬೇಕು" ಅಂದೆ. ಒಪ್ಪಿದರು. ಆಪರೇಷನ್‌ನಲ್ಲಿ ಚೀಲದ ಒಂದು ಕೋಣೆ ಒಡೆದಾಗ ಬಂದದ್ದು ಹಾಲಿನಂಥ ಬಿಳಿ ದ್ರವ. ಊಟದ ಕೊಬ್ಬನ್ನು ಕರುಳಿಂದ ಹೊತ್ತೊಯ್ಯುವ ದುಗ್ಧರಸ. ದುಗ್ಧ ಅಂದರೆ ಹಾಲು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಆ ಪದದ ಅರ್ಥ ನನಗೆ ನಿಜವಾಗಿ ತಿಳಿದದ್ದು ಇಂಥ ಮಕ್ಕಳ ಹೊಟ್ಟೆ ನೋಡಿದ ಮೇಲೆ. ಗಡ್ಡೆ ರಕ್ತನಾಳಗಳನ್ನು ತಬ್ಬಿಕೊಂಡಿತ್ತು. ಒಂದು ಗೇಣು ಕರುಳನ್ನೂ ಜೊತೆಗೆ ತೆಗೆದು, ತುದಿಗಳನ್ನು ಸೇರಿಸಿ ಹೊಲಿದೆವು. ಗೋಡೆಯ ತುಂಡನ್ನು ಪೆಥಾಲಜಿಗೆ ಕಳಿಸಿದೆವು. ಕೊನೆಯ ಮಾತು ಅವರದೇ, ಸ್ಕ್ಯಾನ್‌ನದಲ್ಲ. ಲಿಂಫಾಂಜಿಯೋಮ ಅಂತಲೇ ವರದಿ ಬಂತು.

ಚೂರು ಉಳಿದಿದ್ದರೂ ಇದು ಮತ್ತೆ ಬೆಳೆಯಬಹುದು. ಹಾಗಾಗಿ ಹುಡುಗ ಈಗಲೂ ಅಲ್ಟ್ರಾಸೌಂಡ್‌ಗೆ ಬರುತ್ತಾನೆ. ಹೋದ ಸಲ ಅಜ್ಜಿ ಒಳಗೆ ಬರುತ್ತಿದ್ದಂತೆ ಅವನ ಅಂಗಿ ಎತ್ತಿ, ತಾವೇ ಬೆರಳಲ್ಲಿ ಹೊಟ್ಟೆ ತಟ್ಟಿ ತೋರಿಸಿದರು.